ಎರಡು ಹಲ್ಲುಗಳ ನಡುವಿನ ಗಾಳಿ

1994ರ ಫೆಬ್ರವರಿ 9, ಬುಧವಾರ, ಮಧ್ಯಾಹ್ನ ಮೂರು ಗಂಟೆ ಹತ್ತು ನಿಮಿಷಕ್ಕೆ ಚಿಕ್ಕೋನು ತನ್ನ ಕೆಲಸದ ಕೋಣೆಯ ಕಿಟಕಿಗೆ ಕಪ್ಪು ಬಟ್ಟೆ ಎಳೆದು, ಗ್ಯಾಸಿನ ತಿರುಪು ಬಿಟ್ಟು, ಉರಿ ಹಚ್ಚಿದ. ಬೆಸುಗೆ ಹಾಕುವಾಗ ಕೋಣೆ ಮಬ್ಬಾಗಿರಬೇಕು. ಬೆಳಕು ಹೆಚ್ಚಿದ್ದರೆ ಲೋಹ ಯಾವಾಗ ಕೆಂಪೇರಿತು, ಯಾವಾಗ ಆ ಕೆಂಪು ಕಿತ್ತಳೆಗೆ ತಿರುಗಿತು ಎನ್ನುವುದು ಕಣ್ಣಿಗೆ ಸಿಕ್ಕುವುದಿಲ್ಲ; ಸಿಕ್ಕುವಷ್ಟರಲ್ಲಿ ಮಾಡಿದ್ದೆಲ್ಲ ಕರಗಿ ಗುಂಡಾಗಿರುತ್ತದೆ.

ಅವನು ಹಲ್ಲಿನ ಡಾಕ್ಟರುಗಳಿಗೆ ಕ್ಯಾಪು, ಬ್ರಿಡ್ಜುಗಳನ್ನು ಮಾಡಿಕೊಡುವವನು. ಬಾಯಿ ನೋಡುವವರು ಡಾಕ್ಟರು. ಇವನ ಮೇಜಿಗೆ ಬರುತ್ತಿದ್ದದ್ದು ಬಾಯಿಯ ಪ್ಲಾಸ್ಟರ್ ಅಚ್ಚು ಮಾತ್ರ. ವಯಸ್ಸು ನಲವತ್ತೇಳಾಗಿದ್ದರೂ ಮನೆಯಲ್ಲಿ ಅವನು ಚಿಕ್ಕೋನೇ. ಐದು ವರ್ಷ ಮೊದಲು ಹುಟ್ಟಿ ದೊಡ್ಡೋನು ಅನ್ನುವ ಹೆಸರನ್ನು ಇನ್ನೊಬ್ಬ ತೆಗೆದುಕೊಂಡುಬಿಟ್ಟಿದ್ದ.

ಇವತ್ತು ಉರಿಯ ಮುಂದಿದ್ದದ್ದು ಬೇರೆ ಯಾರ ಹಲ್ಲೂ ಅಲ್ಲ, ಅವನದೇ. ಬೆಂಕಿ ತಾಳುವ ಗಾರೆಯ ಗಟ್ಟಿಯೊಂದರಲ್ಲಿ ಎರಡು ಚಿನ್ನದ ತುಂಡುಗಳು ಅರ್ಧ ಹೂತು ಕುಳಿತಿದ್ದವು. ಬಲಗಡೆಯದರಲ್ಲಿ ಎರಡು ಹಲ್ಲು, ಎಡಗಡೆಯದರಲ್ಲಿ ಎರಡು. ಮೇಲ್ದವಡೆಯ ಮುಂದಿನ ನಾಲ್ಕು ಹಲ್ಲುಗಳ ಬ್ರಿಡ್ಜು ಅದು. ಆದರೆ ಎರಡು ತುಂಡುಗಳು ನಡುವೆ ಒಂದನ್ನೊಂದು ಮುಟ್ಟುತ್ತಿರಲಿಲ್ಲ. ಅವುಗಳ ಬೆನ್ನ ಹಿಂದೆ, ಅಂಗುಳಿನ ಕಡೆ, ಬಳೆಯ ಚೂರಿನಂತೆ ಬಾಗಿದ ಒಂದು ಚಿನ್ನದ ತಂತಿ ಇತ್ತು. ಆ ತಂತಿಯ ಎರಡು ತುದಿಗಳನ್ನು ಎರಡು ತುಂಡುಗಳಿಗೆ ಬೆಸೆಯಬೇಕು. ಮುಂದುಗಡೆಯ ಸಂದು ಮಾತ್ರ ಸಂದಾಗಿಯೇ ಉಳಿಯಬೇಕು. ಇಪ್ಪತ್ತೈದು ವರ್ಷ ಊರವರ ಸಂದುಗಳನ್ನು ಮುಚ್ಚಿಕೊಂಡು ಬಂದವನು ಈಗ ಒಂದು ಸಂದನ್ನು ಕಾಯಲು ಕುಳಿತಿದ್ದ.

ಆ ಸಂದು ದೊಡ್ಡೋನದು.

ದೊಡ್ಡೋನು ಲಾರಿ ಓಡಿಸುತ್ತಿದ್ದ. ಮದುವೆಯಾಗಲಿಲ್ಲ. ಹೋದರೆ ಹದಿನೈದು ದಿನ, ತಿಂಗಳು. ಬಂದರೆ ಎರಡು ದಿನ. ಮನೆ ಎರಡನೇ ಮಹಡಿಯಲ್ಲಿತ್ತು, ಚಿಕ್ಕೋನ ಕೆಲಸದ ಕೋಣೆ ನೆಲದಂತಸ್ತಿನ ಹಿಂಭಾಗದಲ್ಲಿ. ಬೀದಿಬಾಗಿಲು ಎಳೆದರೆ ತಾನೇ ಬೀಗ ಬೀಳುವಂಥದ್ದು. ಮನೆಯಲ್ಲಿ ಎಲ್ಲರ ಹತ್ತಿರವೂ ಅದರ ಕೀ ಇತ್ತು, ದೊಡ್ಡೋನ ಹತ್ತಿರ ಬಿಟ್ಟು. ಕೊಟ್ಟ ಕೀಗಳನ್ನೆಲ್ಲ ಅವನು ದಾರಿಯಲ್ಲಿ ಬಿತ್ತಿಕೊಂಡು ಹೋಗಿದ್ದ. ಕೊನೆಗೆ ಅಮ್ಮ ಒಂದು ಕೀಗೆ ಉದ್ದ ದಾರ ಕಟ್ಟಿ ಕಿಟಕಿಯ ಹತ್ತಿರ ಇಟ್ಟುಕೊಂಡಳು. ಅವನು ಬೀದಿಯಲ್ಲಿ ನಿಂತು ಸೀಟಿ ಹೊಡೆದರೆ ಕೀ ಇಳಿದು ಬರುತ್ತಿತ್ತು. ಕೆಲಸದ ಕೋಣೆಯ ಕಿಟಕಿ ತಟ್ಟಿದ್ದರೆ ತಮ್ಮನೇ ಬಾಗಿಲು ತೆರೆಯುತ್ತಿದ್ದ. ದೊಡ್ಡೋನು ಒಂದು ದಿನವೂ ತಟ್ಟಲಿಲ್ಲ.

ಬೆರಳು ಬಾಯಿಗಿಡದೆ ಹೊಡೆಯುವ ಸೀಟಿ. ಮೇಲಿನ ಮುಂದಿನ ಎರಡು ಹಲ್ಲುಗಳ ಮಧ್ಯೆ ಹುಟ್ಟಿನಿಂದ ಸಂದಿತ್ತು. ನಾಲಿಗೆಯನ್ನು ಅದರ ಹಿಂದೆ ಒತ್ತಿ ಊದುತ್ತಿದ್ದ: ಉದ್ದಕ್ಕೆ ಒಂದು ಸ್ವರ, ಕೊನೆಗೆ ಮೆಟ್ಟಿಲಿಳಿದಂತೆ ಕೆಳಗೆ ಬೀಳುವ ಇನ್ನೊಂದು. ಚಿಕ್ಕೋನ ಮುಂದಿನ ಹಲ್ಲು ಎರಡೂ ಚಿಕ್ಕಂದಿನಲ್ಲೇ ಹೋಗಿದ್ದವು. ಅಣ್ಣ ಸೈಕಲ್ಲಿನ ಕಂಬಿಯ ಮೇಲೆ ಕೂರಿಸಿಕೊಂಡು ಇಳಿಜಾರಿನಲ್ಲಿ ಬಿಟ್ಟ ದಿನ. ಅದಕ್ಕೇ ದೊಡ್ಡೋನು ಕಿಚಾಯಿಸುತ್ತಿದ್ದ: "ದೇವ್ರು ನನಗೆ ಒಂದು ಕಿಟಕಿ ಕೊಟ್ಟ ಕಣೋ. ನಿನಗೆ ಇಡೀ ಬಾಗಿಲೇ ತೆಗೆಸಿಕೊಟ್ಟವನು ನಾನು."

ಡಿಸೆಂಬರಿನಲ್ಲಿ ಒಂದು ಬೆಟ್ಟದ ತಿರುವಿನಲ್ಲಿ ಲಾರಿ ಮಗುಚಿತು. ಚಿಕ್ಕೋನು ಒಬ್ಬನೇ ಹೋಗಿ, ಗುರುತು ಹಿಡಿದು, ಅಲ್ಲೇ ಎಲ್ಲ ಮುಗಿಸಿ ಬಂದ. ಅಮ್ಮನಿಗೆ ಹೇಳಲಿಲ್ಲ. ಅವಳ ಹೃದಯ ಆಗಲೇ ಸೋತಿತ್ತು. ಕಾಲು ಊದಿಕೊಂಡು, ನಾಲ್ಕು ಮಾತಾಡಿದರೆ ಉಸಿರು ಸಾಲದೆ ಮಲಗಿದ್ದಳು. ಇಂಥ ಸುದ್ದಿ ಅವಳಿಗೆ ತಾಳದು ಎಂದು ಅವಳನ್ನು ನೋಡುತ್ತಿದ್ದ ವೈದ್ಯರೇ ಹೇಳಿದ್ದರು. "ದೂರದ ಲೋಡು ಸಿಕ್ಕಿದೆ ಅಂತೆ" ಎಂದ ಚಿಕ್ಕೋನು. ಅಮ್ಮ ಮಂಚವನ್ನು ಕಿಟಕಿಗೆ ಒತ್ತಿ ಹಾಕಿಸಿಕೊಂಡಳು. ಕೀ ದಿಂಬಿನ ಕೆಳಗೆ, ದಾರ ಕೈಬೆರಳಿಗೆ ಸುತ್ತಿಕೊಂಡು. ಹಗಲು ಕಣ್ಣು ಮುಚ್ಚಳು. "ನಿದ್ದೆ ಹತ್ತಿದ್ರೆ ಸೀಟಿ ಕೇಳ್ಸಲ್ಲ. ಅವನು ಕೆಳಗೇ ನಿಂತಿರ್ತಾನೆ ಪೆದ್ದನ ಥರ" ಅನ್ನುತ್ತಿದ್ದಳು. ಹೊತ್ತುಹೊತ್ತಿಗೆ ಊಟ ಬೇಡ, ಮಾತ್ರೆ ಬೇಡ; ಬೀದಿಯಲ್ಲಿ ಯಾವ ಬಂಡಿ ನಿಂತರೂ ದಾರ ಬಿಗಿಯಾಗುತ್ತಿತ್ತು.

ಹಾಗೆ ಕಾಯುತ್ತಲೇ ಅವಳು ಹೋಗಿಬಿಡುತ್ತಾಳೆ ಅನ್ನುವುದು ಚಿಕ್ಕೋನಿಗೆ ಜನವರಿಯ ಕೊನೆಗೆ ಸ್ಪಷ್ಟವಾಯಿತು. ಸಾಯುವುದನ್ನು ತಡೆಯುವುದು ಅವನ ಕೈಯಲ್ಲಿರಲಿಲ್ಲ. ಕಾಯುವುದನ್ನು ತಡೆಯಬಹುದೇನೋ ಅನ್ನಿಸಿತು.

ಕೋಣೆಯ ಮೇಲಿನ ಹಲಗೆಯಲ್ಲಿ ಹಳೆಯ ಅಚ್ಚುಗಳ ಸಾಲಿತ್ತು. ದೊಡ್ಡೋನ ದವಡೆ ಹಲ್ಲಿಗೆ ಹಿಂದೆ ತಾನೇ ಒಂದು ಕ್ಯಾಪು ಮಾಡಿದ್ದರಿಂದ ಅವನ ಮೇಲ್ದವಡೆಯ ಅಚ್ಚೂ ಅಲ್ಲಿತ್ತು. ಧೂಳು ಒರೆಸಿದಾಗ ಮುಂದಿನ ಎರಡು ಹಲ್ಲು, ನಡುವೆ ಆ ಸಂದು, ಎಲ್ಲ ಹಾಗೇ ಇದ್ದವು. ಅಳೆಯಲು ಅವನ ಹತ್ತಿರ ತಕ್ಕ ಉಪಕರಣವಿರಲಿಲ್ಲ. ದಪ್ಪ ಅಳೆಯುವ ಕೈವಾರವಿತ್ತು, ಖಾಲಿ ಜಾಗ ಅಳೆಯುವುದಲ್ಲ. ಲಾರಿ ಮಾಲೀಕ ಕಳಿಸಿಕೊಟ್ಟಿದ್ದ ದೊಡ್ಡೋನ ಟೂಲ್‌ಬಾಕ್ಸ್ ತೆರೆದ. ಪಾನಾಗಳ ಕೆಳಗೆ, ಎಣ್ಣೆ ಬಟ್ಟೆಯಲ್ಲಿ ಸುತ್ತಿದ ಫೀಲರ್ ಗೇಜ್ ಇತ್ತು: ಬೀಸಣಿಗೆಯಂತೆ ಬಿಚ್ಚಿಕೊಳ್ಳುವ ತೆಳು ಉಕ್ಕಿನ ಎಲೆಗಳು, ಒಂದೊಂದರ ಮೇಲೂ ಅದರ ದಪ್ಪ ಕೊರೆದಿರುತ್ತದೆ. ಇಂಜಿನ್ನಿನ ವಾಲ್ವುಗಳ ಸಂದು ಅಳೆಯುವುದು ಇದರಿಂದ. "ಎಲೆ ಬಿಗಿಯಾಗಿಯೂ ಇರಬಾರದು, ಸಡಿಲವಾಗಿಯೂ ಇರಬಾರದು. ಎಳೆದ್ರೆ ಬೆರಳಿಗೆ ಗೊತ್ತಾಗ್ಬೇಕು, ಅಷ್ಟೆ" ಎಂದು ದೊಡ್ಡೋನು ಒಮ್ಮೆ ತೋರಿಸಿಕೊಟ್ಟಿದ್ದ. ಚಿಕ್ಕೋನು ಅಚ್ಚಿನ ಸಂದಿನಲ್ಲಿ ಒಂದೊಂದೇ ಎಲೆ ಆಡಿಸಿ ನೋಡಿದ. ಒಂದು ಮಿಲಿಮೀಟರಿನ ಎಲೆಯೂ ಅದರ ಜೊತೆಗೆ 0.40ರ ಎಲೆಯೂ ಸೇರಿದಾಗ ಬೆರಳಿಗೆ ಗೊತ್ತಾಯಿತು.

ಅವನಿಂದ ಕೆಲಸ ಮಾಡಿಸಿಕೊಳ್ಳುತ್ತಿದ್ದ ಹಲ್ಲಿನ ಡಾಕ್ಟರಮ್ಮ ಅವನ ಮಾತು ಕೇಳಿ ಕನ್ನಡಕ ತೆಗೆದಿಟ್ಟರು. ಇಬ್ಬರದೂ ಹದಿನೆಂಟು ವರ್ಷದ ಒಡನಾಟ.

"ನಿಮ್ಮ ಹಳೇ ಬ್ರಿಡ್ಜು ಅಲ್ಲಾಡ್ತಿದೆ, ಬದಲಾಯಿಸಿ ಅಂತ ನಾನೇ ಎಷ್ಟು ಸಲ ಬಡ್ಕೊಂಡಿದ್ದೀನಿ. ಆಗೆಲ್ಲ ನಾಳೆ, ನಾಡಿದ್ದು. ಈಗ ಬಂದು ನಡುವೆ ಸಂದು ಬೇಕು ಅಂತೀರಲ್ರೀ! ಜನ ನನ್ನ ಹತ್ರ ಸಂದು ಮುಚ್ಚಿಸೋಕೆ ಬರ್ತಾರೆ."

"ನಾನು ತೆರೆಸೋಕೆ ಬಂದಿದ್ದೀನಿ ಮೇಡಂ."

"ಯಾಕೆ?"

ಅವನು ಹೇಳಿದ. ಡಾಕ್ಟರಮ್ಮ ಕನ್ನಡಕವನ್ನು ಮತ್ತೆ ಹಾಕಿಕೊಂಡು, ಆಮೇಲೆ ಮತ್ತೆ ತೆಗೆದು ಒರೆಸಿದರು. "ನಿಮ್ಮ ತಾಯಿಗೆ ಗೊತ್ತಾದ್ರೆ?"

"ಗೊತ್ತಾಗಲ್ಲ. ಅಳತೆ ಸರಿಯಾಗಿ ತಗೊಂಡಿದ್ದೀನಿ."

"ಅಳತೆ ನೀವು ಯಾವತ್ತು ತಪ್ಪಿದ್ದೀರಿ" ಎಂದರು ಅವರು. ಅದು ಹೊಗಳಿಕೆಯೋ ಅಲ್ಲವೋ ಅವನಿಗೆ ತಿಳಿಯಲಿಲ್ಲ. "ಕುರ್ಚಿ ಮೇಲೆ ಕೂತ್ಕೊಳ್ಳಿ. ಬಾಯಿ ತೆಗೀರಿ."

ಹೆಂಡತಿಗೆ ಇದು ಸ್ವಲ್ಪವೂ ಹಿಡಿಸಲಿಲ್ಲ. ಬೆಸುಗೆಯ ದಿನ ಅವಳು ಟೀ ತಂದವಳು ಕತ್ತಲೆಯ ಕೋಣೆಯ ಬಾಗಿಲಲ್ಲೇ ನಿಂತಳು.

"ಸರಿ, ಸೀಟಿ ಹೊಡೀತೀರಿ. ಅತ್ತೆ ಕೀ ಇಳಿಸ್ತಾರೆ. ಆಮೇಲೆ ಮೆಟ್ಲು ಹತ್ತಿ ಬರೋರು ಯಾರು?"

"ನಾನೇ. ಅಣ್ಣ ಬಂದಿದ್ದ, ಲಾರಿ ನಿಲ್ಸೋಕೆ ಜಾಗ ಸಿಗ್ಲಿಲ್ಲ, ಅರ್ಜೆಂಟು ಲೋಡು ಅಂತ ಹೊರಟ, ನಿನ್ನ ಕೇಳ್ದ ಅಂತ ಹೇಳ್ತೀನಿ."

"ಹ್ಞಾಂ. ಚಿನ್ನದಲ್ಲೇ ಮಾಡ್ತಿದ್ದೀರಲ್ಲ, ಒಳ್ಳೇದು. ಇಷ್ಟು ದುಬಾರಿ ಸುಳ್ಳು ಈ ಬೀದೀಲಿ ಯಾರೂ ಹೇಳಿರಲಿಕ್ಕಿಲ್ಲ."

"ಬಾಗಿಲು ಹಾಕು. ಬೆಳಕು ಬರ್ತಿದೆ."

"ಬಾವನವರು ಇದ್ದಿದ್ರೆ ನಿಮ್ಮ ಬೆನ್ನಿಗೆ ಎರಡು ಹಾಕ್ತಿದ್ರು" ಎಂದು ಲೋಟ ಕೆಳಗಿಟ್ಟಳು. ಬಾಗಿಲು ಹಾಕಿಕೊಂಡು ಹೋದಳು.

ತಂತಿಯ ತುದಿಗೂ ಹಲ್ಲಿನ ಬೆನ್ನಿಗೂ ನಡುವೆ ಒಂದು ವಿಸಿಟಿಂಗ್ ಕಾರ್ಡು ಆಡುವಷ್ಟು ಜಾಗ ಬಿಟ್ಟಿದ್ದ. ಎರಡು ಲೋಹಗಳು ಮುಟ್ಟಿಕೊಂಡಿದ್ದರೆ ಬಿಸಿಗೆ ಹಿಗ್ಗಿ ಒಂದನ್ನೊಂದು ತಳ್ಳುತ್ತವೆ, ಬ್ರಿಡ್ಜು ಸೊಟ್ಟಗಾಗುತ್ತದೆ. ಜಾಗ ಹೆಚ್ಚಾದರೆ ಬೆಸುಗೆ ತಣಿಯುವಾಗ ಕುಗ್ಗಿ ಎರಡನ್ನೂ ಒಳಕ್ಕೆಳೆಯುತ್ತದೆ. ಬೆಸೆಯಬೇಕಾದ ಕಡೆ ಬಿಳಿಗಾರದ ಲೇಪ ಹಚ್ಚಿದ. ಬೆಸುಗೆ ಹೋಗಬಾರದ ಕಡೆ, ಅಂದರೆ ಮುಂದಿನ ಸಂದಿನ ಎರಡೂ ಗೋಡೆಗಳಿಗೆ, ಪೆನ್ಸಿಲ್ ಸೀಸ ಒತ್ತಿ ಒತ್ತಿ ಬಳಿದ. ಕರಗಿದ ಲೋಹ ಪೆನ್ಸಿಲ್ ಗೆರೆ ದಾಟುವುದಿಲ್ಲ. ಅವನಿಗೆ ಇದ್ದ ಭಯ ಅದೇ. ಬೆಸುಗೆ ನೀರಿಗಿಂತ ಆಸೆಬುರುಕ. ಕಿರಿದಾದ ಜಾಗ ಎಲ್ಲಿ ಕಂಡರೂ ನುಗ್ಗಿ ತುಂಬಿಕೊಳ್ಳುತ್ತದೆ.

ಉರಿಯ ಒಳನೀಲಿಯ ತುದಿಯನ್ನು ಲೋಹಕ್ಕೆ ತಾಗಿಸಿ, ಮೊದಲು ಗಾರೆಯನ್ನೆಲ್ಲ ಕಾಯಿಸಿದ. ಬಿಳಿಗಾರ ಉಬ್ಬಿ, ನೊರೆಯಾಗಿ, ಆಮೇಲೆ ಗಾಜಿನಂತೆ ಹರಡಿತು. ಚಿನ್ನ ಮಂಕು ಕೆಂಪಾಯಿತು. ಬೆಸುಗೆಯ ಚೂರನ್ನು ಚಿಮಟದಲ್ಲಿ ಹಿಡಿದು ತಂತಿಯ ಬುಡಕ್ಕಿಟ್ಟ. ಅದು ಸ್ವಲ್ಪ ಹೊತ್ತು ಹಟಮಾರಿ ಮಗುವಿನಂತೆ ಹಾಗೇ ಕುಳಿತಿತ್ತು. ಅಂಚು ದುಂಡಗಾಯಿತು, ನಡುಗಿತು. ಮರುಕ್ಷಣ ಕಣ್ಣು ಹೊಡೆದಂತೆ ಮಿಂಚಿ ಒಳಗೆ ಓಡಿಹೋಯಿತು. ಎಡಗಡೆಯೂ ಹಾಗೇ. ಆದರೆ ಅಲ್ಲಿ ಬೆಸುಗೆ ಮಿಂಚಿ ಒಂದು ಎಳೆಯಾಗಿ ಮುಂದಿನ ಸಂದಿನ ಕಡೆಗೆ ಹರಿಯಿತು. ಚಿಕ್ಕೋನ ಜೀವ ಬಾಯಿಗೆ ಬಂತು. ಪೆನ್ಸಿಲ್ ಗೆರೆಯ ಹತ್ತಿರ ಬಂದು ಅದು ನಿಂತಿತು.

ಉರಿ ಆರಿಸಿ, ಕೆಂಪು ಇಳಿಯುವವರೆಗೆ ಕಾದು, ಗಾರೆಯನ್ನು ನೀರಿಗೆ ಹಾಕಿದ. ಅದು ಸಿಡಿದು ಬಿಚ್ಚಿಕೊಂಡಿತು. ಆಮ್ಲದಲ್ಲಿ ತೊಳೆದು, ಸಂದಿನಲ್ಲಿ ಎಲೆಗಳನ್ನು ಆಡಿಸಿದ. 1.40. ಬೆರಳಿಗೆ ಗೊತ್ತಾಯಿತು.

ಚಿನ್ನದ ಮುಂಭಾಗಕ್ಕೆ ಹಲ್ಲಿನ ಬಣ್ಣದ ಮುಖವಾಡ ಕೂರಿಸಿ, ಉಜ್ಜಿ ಹೊಳಪು ಕೊಟ್ಟ ಮೇಲೆ ಡಾಕ್ಟರಮ್ಮ ಅದನ್ನು ಬಾಯಿಗೆ ಕೂರಿಸಿದರು. ಬೇಕಾದಾಗ ತೆಗೆಯಲು ಬರಲೆಂದು ಮೆತ್ತನೆಯ ಸಿಮೆಂಟು ಹಾಕಿದರು. ಆಮೇಲಿನ ಒಂದು ವಾರ ಚಿಕ್ಕೋನು ಕೆಲಸದ ಕೋಣೆಯ ಮೋಟಾರು ಜೋರಾಗಿ ಓಡಿಸಿಕೊಂಡು ಸೀಟಿ ಕಲಿತ. ಮೊದಮೊದಲು ಉಗುಳು ಮಾತ್ರ ಬಂತು. ನಾಲಿಗೆ ತಂತಿಗೆ ತಾಕಿ ಹುಣ್ಣಾಯಿತು. ತಾಲೀಮು ಮಾಡುತ್ತ ಮಾಡುತ್ತ ಒಂದು ಬೆಳಿಗ್ಗೆ, ಅವನು ಅಂದುಕೊಳ್ಳದ ಹೊತ್ತಿನಲ್ಲಿ, ಕೋಣೆಯೊಳಗೆ ದೊಡ್ಡೋನು ಬಂದು ನಿಂತಂತಾಯಿತು. ಚಿಕ್ಕೋನು ಮೋಟಾರು ನಿಲ್ಲಿಸಿ ಸುಮ್ಮನೆ ಕುಳಿತುಬಿಟ್ಟ. ಆ ಸೀಟಿ ತನ್ನ ಬಾಯಿಂದಲೇ ಬಂದದ್ದು ಎಂದು ಅವನಿಗೆ ನಂಬಿಕೆ ಬರಲು ಸ್ವಲ್ಪ ಹೊತ್ತು ಹಿಡಿಯಿತು.

ಭಾನುವಾರ ಬೆಳಿಗ್ಗೆ ಬೀದಿಗೆ ಇಳಿದು, ಕಿಟಕಿಯ ಕೆಳಗೆ, ದೊಡ್ಡೋನು ನಿಲ್ಲುತ್ತಿದ್ದ ವಿದ್ಯುತ್ ಕಂಬದ ಹತ್ತಿರ ನಿಂತ. ಎದುರಿನ ದರ್ಜಿ ಅಂಗಡಿಯ ಬಾಗಿಲು ಎತ್ತುತ್ತಿದ್ದ. ಚಿಕ್ಕೋನು ನಾಲಿಗೆ ಒತ್ತಿ ಊದಿದ. ಉದ್ದಕ್ಕೆ ಒಂದು ಸ್ವರ, ಕೆಳಗೆ ಬೀಳುವ ಇನ್ನೊಂದು. ದರ್ಜಿ ಬಾಗಿಲನ್ನು ಅರ್ಧಕ್ಕೆ ಬಿಟ್ಟು ತಿರುಗಿ ನೋಡಿದ.

ಮೇಲಿನ ಕಿಟಕಿಯಲ್ಲಿ ದಾರ ಅಲುಗಿತು. ಕಿಟಕಿಯ ಅಂಚಿಗೆ ಕೀ ಬಂತು, ಲೋಹ ಕಲ್ಲಿಗೆ ತಾಗಿದ ಸದ್ದು ಕೇಳಿಸಿತು. ಅಲ್ಲೇ ನಿಂತಿತು. ಚಿಕ್ಕೋನು ಮುಖ ಮೇಲೆತ್ತಿ ಕಾದ. ಕೀ ಇಳಿಯಲಿಲ್ಲ. ಸ್ವಲ್ಪ ಹೊತ್ತಿಗೆ ದಾರ ಒಳಕ್ಕೆ ಸರಿಯಿತು.

ಮೆಟ್ಟಿಲು ಹತ್ತಿ ಹೋದಾಗ ಅಮ್ಮ ದಿಂಬಿಗೊರಗಿ ಕುಳಿತಿದ್ದಳು. ಹೆಂಡತಿ ಬಾಗಿಲ ಹತ್ತಿರ ಕೈ ಕಟ್ಟಿಕೊಂಡು ನಿಂತಿದ್ದಳು.

"ಅಮ್ಮ, ಕೇಳಿಸ್ತಾ? ಅಣ್ಣ ಬಂದಿದ್ದ. ಲಾರಿ ನಿಲ್ಸೋಕೆ ಜಾಗ ಇಲ್ಲ ಅಂತ..."

"ಬಾ ಇಲ್ಲಿ ಚಿಕ್ಕೋನೆ."

"ಅರ್ಜೆಂಟು ಲೋಡಂತೆ, ಅದಕ್ಕೇ..."

"ಹತ್ರ ಬಾ ಅಂದೆ. ಬಾಯಿ ಬಿಡು."

ಅವನು ಮಂಚದ ಪಕ್ಕ ಮಂಡಿಯೂರಿದ. ಅಮ್ಮನ ಕಣ್ಣು ಮಂದವಾಗಿತ್ತು. ಹೆಬ್ಬೆರಳಿನಿಂದ ಅವನ ಮುಂದಿನ ಹಲ್ಲು ಸವರಿದಳು. ಉಗುರು ಸಂದಿನಲ್ಲಿ ಇಳಿಯಿತು. ಅಲ್ಲೇ ಇತ್ತು ಸ್ವಲ್ಪ ಹೊತ್ತು.

"ಎಲ್ಲಿಂದ ತಂದೆ ಇದನ್ನ?"

ಅಮ್ಮ ಬೆರಳು ತೆಗೆದು ಸೆರಗಿಗೆ ಒರೆಸಿಕೊಂಡಳು.

"ಇದು ಅವನ ಹಳೇ ಸೀಟಿ ಕಣೋ. ಹತ್ತು ಹನ್ನೆರಡು ವರ್ಷದ ಹಿಂದೆ ಹೀಗೇ ಹೊಡೀತಿದ್ದ, ಕಿವಿ ಸೀಳೋ ಹಾಗೆ. ಈಗೆಲ್ಲಿ ಇತ್ತು ಅದು? ಈಗೀಗ ಅರ್ಧಕ್ಕರ್ಧ ಬರೀ ಗಾಳಿ. ಇನ್ನೆರಡು ವರ್ಷಕ್ಕೆ ನಿನ್ನ ಸೀಟಿ ಕೇಳ್ಸೋದೇ ಇಲ್ಲ ಬಿಡು ಅಂತ ನಾನೇ ಅವನಿಗೆ ಹೇಳ್ತಿದ್ದೆ. ನಿಂಗೆ ಕೇಳ್ಸಿರಲಿಲ್ವಾ?"

ಚಿಕ್ಕೋನಿಗೆ ಆಗ ಅಚ್ಚಿನ ತಳ ನೆನಪಾಯಿತು. ತಳದಲ್ಲಿ ಅವನೇ ಸೂಜಿಯಿಂದ ಗೀಚಿದ್ದ ವರ್ಷ: 1983. ಅಳೆಯುವಾಗ ಅದನ್ನು ಓದಿದ್ದ ಕೂಡ. ವಸಡು ಇಳಿದ ಹಾಗೆ ಮುಂದಿನ ಹಲ್ಲುಗಳು ದೂರ ಸರಿಯುತ್ತವೆ. ಇದನ್ನು ಅವನು ನೂರಾರು ಅಚ್ಚುಗಳಲ್ಲಿ ನೋಡಿದ್ದ, ಹಳೆಯ ಅಚ್ಚಿನ ಮೇಲೆ ಹೊಸ ಕೆಲಸ ಮಾಡಬಾರದು ಎಂದು ಡಾಕ್ಟರುಗಳ ಹತ್ತಿರ ಜಗಳವಾಡಿದ್ದ. ದೊಡ್ಡೋನ ಬಾಯಿಗೂ ಆ ಹನ್ನೊಂದು ವರ್ಷ ಕಳೆದಿತ್ತು ಅನ್ನುವುದು ಮಾತ್ರ ಅವನಿಗೆ ಹೊಳೆದಿರಲಿಲ್ಲ. ಪ್ಲಾಸ್ಟರಿಗೆ ವಯಸ್ಸಾಗಿರಲಿಲ್ಲ, ಅದಕ್ಕೆ.

"ಮನುಷ್ಯ ಇದ್ದಿದ್ರೆ ಅವನ ಸೀಟಿ ನೀನ್ಯಾಕೋ ಹೊಡೀಬೇಕು?" ಎಂದಳು ಅಮ್ಮ.

ಹೆಂಡತಿ ಸೆರಗು ಬಾಯಿಗೆ ಒತ್ತಿಕೊಂಡು ಒಳಗೆ ಹೋದಳು.

"ಯಾವಾಗ?"

"ಡಿಸೆಂಬರಲ್ಲಿ."

"ಲಾರೀಲೇನಾ?"

"ಹೂಂ. ಬೆಟ್ಟದ ತಿರುವಲ್ಲಿ."

"ನೀನು ನೋಡಿದ್ಯಾ?"

"ನೋಡ್ದೆ."

"ಮುಖ?"

"ನಿದ್ದೆ ಮಾಡ್ದಂಗಿತ್ತು ಅಮ್ಮ."

"ಹಲ್ಲು?"

ಡಿಸೆಂಬರಿನಲ್ಲಿ ಶವಾಗಾರದಲ್ಲಿ ಒಬ್ಬ ಮುಖದ ಮೇಲಿನ ಬಟ್ಟೆ ಸರಿಸಿದ್ದ. ಚಿಕ್ಕೋನು ಹಣೆ, ಕಣ್ಣು, ಹುಬ್ಬಿನ ಗಾಯದ ಗುರುತು ನೋಡಿ ತಲೆಯಾಡಿಸಿದ್ದ. ಬೀದಿಯಲ್ಲಿ ಹೋಗುವ ಯಾರನ್ನು ಕಂಡರೂ ಮೊದಲು ಬಾಯಿಯನ್ನೇ ನೋಡುವವನು ಆ ಹೊತ್ತು ಬಾಯಿಯ ಕಡೆಗೆ ಕಣ್ಣು ಹಾಯಿಸಿರಲಿಲ್ಲ. ತುಟಿ ಸ್ವಲ್ಪ ತೆರೆದಿತ್ತೋ ಮುಚ್ಚಿತ್ತೋ, ಅದೂ ನೆನಪಿಲ್ಲ.

"ನೋಡಲಿಲ್ಲಮ್ಮ" ಎಂದ. ತಲೆಯನ್ನು ಮಂಚದ ಅಂಚಿಗೆ ಇಟ್ಟ. ಡಿಸೆಂಬರಿನಿಂದ ತಡೆದಿಟ್ಟದ್ದೆಲ್ಲ ಆಗ ಹೊರಗೆ ಬಂತು. ಅಮ್ಮ ಅವನ ಕೂದಲಲ್ಲಿ ಕೈ ಇಟ್ಟುಕೊಂಡು ಕಿಟಕಿಯ ಕಡೆ ನೋಡುತ್ತಿದ್ದಳು. ಅವಳ ಕಣ್ಣಲ್ಲಿ ನೀರು ಬರಲಿಲ್ಲ. ಉಸಿರು ಮಾತ್ರ ಬಿಟ್ಟುಬಿಟ್ಟು ಬರುತ್ತಿತ್ತು.

"ಗೊತ್ತಿತ್ತು ಅನ್ನಲ್ಲ ನಾನು. ಗೊತ್ತಿರಲಿಲ್ಲ ಅಂತಾನೂ ಅನ್ನಲ್ಲ" ಎಂದಳು. "ನೀರು ಕೊಡು."

ಆ ದಿನ ಸೊಸೆ ವೈದ್ಯರನ್ನು ಕರೆಸಿದಳು; ಅವರು ನಾಡಿ ಹಿಡಿದು, ನೋಡಿ, ಮಾತ್ರೆ ಬದಲಿಸಿ ಹೋದರು. ದಾರ ಅಮ್ಮನ ಬೆರಳಿನಲ್ಲೇ ಇತ್ತು. ಬಿಚ್ಚಲು ಹೋದ ಸೊಸೆಯ ಕೈಯನ್ನು ತಳ್ಳಿದಳು.

ಮಾರನೆಯ ಬೆಳಿಗ್ಗೆ ಚಿಕ್ಕೋನು ಟೀ ಲೋಟ ಹಿಡಿದು ಒಳಗೆ ಬಂದಾಗ ಅವಳೇ ಮಾತು ತೆಗೆದಳು.

"ಅದಕ್ಕೆ ಇನ್ನೊಂಚೂರು ಗಾಳಿ ಬೇಕು."

"ಯಾವುದಕ್ಕಮ್ಮ?"

"ಸೀಟಿಗೆ. ನಿನ್ನದು ತೀರಾ ಸಣ್ಣಗಿದೆ. ಅವನದು ಹಿಂಗೆ." ತುಟಿ ಮುಂದೆ ಮಾಡಿ ಊದಿದಳು. ಅವಳ ಬೋಡುಬಾಯಿಂದ ಬಂದದ್ದು ಬರಿಯ ಗಾಳಿ. ಆದರೆ ಆ ಗಾಳಿ ಉದ್ದಕ್ಕೆ ಹೋಗಿ ಕೊನೆಯಲ್ಲಿ ಕೆಳಗೆ ಬಿತ್ತು. "ಮಾಡ್ತೀಯಾ? ಒಂದ್ಸಲ ಕೇಳ್ಬೇಕು ನಂಗೆ. ಹೋಗೋವಾಗ ಅವನು ನನ್ನ ಎಬ್ಬಿಸ್ದೇನೇ ಹೋದ."

ಚಿಕ್ಕೋನು ಕೆಳಗೆ ಬಂದು ಬ್ರಿಡ್ಜನ್ನು ಬಾಯಿಂದ ಬಿಡಿಸಿಕೊಂಡ. ಮಾಡಲು ದಿನಗಟ್ಟಲೆ ಹಿಡಿದ ಕೆಲಸವನ್ನು ಸವೆಸಲು ಒಂದು ನಿಮಿಷ ಸಾಕು. ಆದರೆ ಸವೆಸಿದ್ದನ್ನು ಮತ್ತೆ ತುಂಬುವಂತಿಲ್ಲ. ಸಂದಿನ ಗೋಡೆಗಳ ಹಿಂದೆ, ಸ್ವಲ್ಪ ಒಳಗೆ, ತಂತಿಯ ಎರಡು ಬೆಸುಗೆಗಳಿದ್ದವು. ಹೆಚ್ಚು ಸವೆದರೆ ಅವುಗಳಿಗೇ ಕೈ ಹಾಕಿದಂತೆ. ತಂತಿ ಕಳಚಿದರೆ ಬ್ರಿಡ್ಜು ಎರಡು ತುಂಡು. ತೆಳುವಾದ ಡಿಸ್ಕನ್ನು ಮೋಟಾರಿಗೆ ಸಿಕ್ಕಿಸಿ, ಎರಡೂ ಕಡೆ ಒಂದೊಂದು ಸಲ ಮುಟ್ಟಿಸಿ ತೆಗೆದ. ಬಾಯಿಗೆ ಹಾಕಿಕೊಂಡು ಬೀದಿಗೆ ಹೋದ. ಊದಿದ.

ಕಿಟಕಿಯಲ್ಲಿ ಹೆಂಡತಿಯ ತಲೆ ಕಾಣಿಸಿತು. ಒಳಗೆ ತಿರುಗಿ ಕೇಳಿಸಿಕೊಂಡು, ಹೊರಗೆ ಬಾಗಿ ಹೇಳಿದಳು: "ಇನ್ನೂ ಅಂತೆ!"

ಮತ್ತೆ ಕೋಣೆಗೆ ಬಂದು ಸವೆಸಿದ, ಮತ್ತೆ ಬೀದಿಗೆ ಹೋದ.

"ಹತ್ರ ಬಂತಂತೆ. ಆದ್ರೆ ಕೊನೇದು ಬೇಗ ಬೀಳ್ತಿದೆಯಂತೆ. ಬಾವನವರು ಅಷ್ಟು ಅವಸರ ಮಾಡ್ತಿರಲಿಲ್ವಂತೆ."

ದರ್ಜಿ ಕತ್ತರಿ ಕೈಯಲ್ಲಿ ಹಿಡಿದೇ ಹೊರಗೆ ಬಂದ. "ಏನ್ ಸ್ವಾಮಿ, ಈ ವಯಸ್ಸಲ್ಲಿ, ಅದೂ ಸ್ವಂತ ಹೆಂಡ್ತಿಗೆ ಸೀಟಿ!" ಎಂದು ನಗುತ್ತ ಶುರುಮಾಡಿದವನು ಚಿಕ್ಕೋನ ಮುಖ ಕಂಡು ಅರ್ಧದಲ್ಲೇ ನಿಲ್ಲಿಸಿದ. ಕಿಟಕಿಯನ್ನೊಮ್ಮೆ ನೋಡಿದ. ಅಂಗಡಿಯೊಳಗೆ ಹೋಗಿ ಹೊಲಿಗೆ ಯಂತ್ರ ನಿಲ್ಲಿಸಿದ. ಬೀದಿ ಸ್ವಲ್ಪ ನಿಶ್ಶಬ್ದವಾಯಿತು.

ಮುಂದಿನ ಸಲ ಡಿಸ್ಕು ಮುಟ್ಟಿಸಿದಾಗ ಬಿಳಿಯ ಮುಖವಾಡದ ಅಂಚಿನಲ್ಲಿ ಚಿನ್ನದ ಗೆರೆ ಕಾಣಿಸಿತು. ಹಿಂದೆ ಬೆಸುಗೆಯ ಬಣ್ಣ, ಚಿನ್ನಕ್ಕಿಂತ ಒಂದು ಛಾಯೆ ಮಂಕು, ಅಂಚಿಗೆ ಕೂದಲೆಳೆಯಷ್ಟು ಹತ್ತಿರ ಬಂದಿತ್ತು. ಇನ್ನು ಸವೆಸಲಾಗದು. ಇದಾಗದಿದ್ದರೆ ಇನ್ನೊಂದು ಹೊಸದಾಗಿ ಮಾಡಬೇಕು. ಅಷ್ಟು ದಿನ ಅಮ್ಮನ ಹತ್ತಿರ ಇಲ್ಲ. ಅವನು ಬ್ರಿಡ್ಜನ್ನು ತೊಳೆದು, ಬಾಯಿಗೆ ಒತ್ತಿಕೊಂಡು, ಕಂಬದ ಹತ್ತಿರ ಹೋಗಿ ನಿಂತ.

ಈ ಸಲ ಅವಸರ ಮಾಡಲಿಲ್ಲ. ದೊಡ್ಡೋನು ಲಾರಿಯಿಂದ ಇಳಿದು, ಸೊಂಟ ಹಿಡಿದುಕೊಂಡು ನೆಟ್ಟಗಾಗಿ, ಎದೆಯಲ್ಲಿ ದಾರಿಯ ಧೂಳು ಇಟ್ಟುಕೊಂಡು ಹೇಗೆ ಊದುತ್ತಿದ್ದನೋ ಹಾಗೆ ಊದಿದ. ಸದ್ದಿಗಿಂತ ಗಾಳಿಯೇ ಹೆಚ್ಚಾಗಿತ್ತು. ಆ ಗಾಳಿಯ ನಡುವೆ ಎಲ್ಲೋ ಒಂದು ಸ್ವರ ಸಣ್ಣಗೆ ಎದ್ದು, ಉದ್ದಕ್ಕೆ ಹೋಗಿ, ನಿಧಾನವಾಗಿ ಕೆಳಗೆ ಇಳಿಯಿತು. ಇಳಿಯುವಾಗ ಚಿಕ್ಕೋನಿಗೂ ಗೊತ್ತಾಯಿತು. ಹೌದು, ಹೀಗೇ ಇತ್ತು. ಕಳೆದ ಎಷ್ಟೋ ವರ್ಷ ಮೋಟಾರಿನ ಸದ್ದಿನ ಆಚೆ ಅವನು ಕೇಳಿಸಿಕೊಳ್ಳದೆ ಬಿಟ್ಟದ್ದು ಇದು.

ಹೆಂಡತಿ ಕಿಟಕಿಯಲ್ಲಿ ಕಾಣಿಸಲಿಲ್ಲ. ಏನೂ ಕೇಳಿಸಲಿಲ್ಲ.

ಆಮೇಲೆ ಕಿಟಕಿಯ ಅಂಚಿನಲ್ಲಿ ಕೀ ಕಾಣಿಸಿತು. ಕಲ್ಲಿಗೆ ತಾಗಿ, ಗೋಡೆಗೆ ತಾಗಿ, ಒಮ್ಮೆ ತಿರುಗಿ, ಸ್ವಲ್ಪ ಸ್ವಲ್ಪವಾಗಿ ಇಳಿಯತೊಡಗಿತು. ನಡುವೆ ಎರಡು ಸಲ ನಿಂತಿತು. ಅಮ್ಮನ ಕೈ ಸೋತಿರಬೇಕು. ಅವನ ಮುಖದ ಮಟ್ಟಕ್ಕೆ ಬಂದಾಗ ಅವನು ಕೀಯನ್ನು ಹಿಡಿದುಕೊಂಡ. ಸಾಮಾನ್ಯವಾಗಿ ದೊಡ್ಡೋನು ಕೀ ಬಿಚ್ಚಿಕೊಂಡು ದಾರವನ್ನು ಎರಡು ಸಲ ಜಗ್ಗುತ್ತಿದ್ದ, ಮೇಲಕ್ಕೆಳೆದುಕೋ ಅಂತ. ಚಿಕ್ಕೋನು ಜಗ್ಗಿದ. ದಾರ ಮೇಲಕ್ಕೆ ಹೋಗಲಿಲ್ಲ. ಮೇಲಿನಿಂದ ಅದರ ಇನ್ನೊಂದು ತುದಿಯೂ ಬಿಟ್ಟುಕೊಂಡು, ಸುರುಳಿ ಸುರುಳಿಯಾಗಿ ಅವನ ಭುಜದ ಮೇಲೆ ಬಿತ್ತು.

ಅಮ್ಮನ ಧ್ವನಿ ಕ್ಷೀಣವಾಗಿ ಕೇಳಿಸಿತು. ಹೆಂಡತಿ ಕಿಟಕಿಗೆ ಬಂದು, ಮೂಗು ಒರೆಸಿಕೊಂಡು, ಕೆಳಗೆ ಹೇಳಿದಳು:

"ನಿದ್ದೆ ಮಾಡ್ತಾರಂತೆ. ಸದ್ದು ಮಾಡ್ಬೇಡಿ ಅಂದ್ರು."

ಅವನು ದಾರವನ್ನು ಕೈಗೆ ಸುತ್ತಿಕೊಂಡು ಕೆಲಸದ ಕೋಣೆಗೆ ಹೋದ. ಬ್ರಿಡ್ಜನ್ನು ಬಾಯಿಂದ ತೆಗೆದು ಬಟ್ಟೆಯ ಮೇಲಿಟ್ಟ. ಫೀಲರ್ ಗೇಜ್ ಬಿಚ್ಚಿ ಒಂದು ಮಿಲಿಮೀಟರಿನ ಎಲೆಯ ಜೊತೆಗೆ ಬೇರೆ ಬೇರೆ ಎಲೆಗಳನ್ನು ಸೇರಿಸಿ ಸಂದಿನಲ್ಲಿ ಆಡಿಸಿದ. 0.70 ಸಡಿಲವಾಗಿತ್ತು. 0.80 ಹೋಗಲಿಲ್ಲ. ನಡುವಿನದನ್ನು ಸೇರಿಸಿ ಎಳೆದಾಗ ಬೆರಳಿಗೆ ಗೊತ್ತಾಯಿತು. ದೊಡ್ಡೋನ ಅಚ್ಚನ್ನು ಹಲಗೆಯಿಂದ ಇಳಿಸಿ, ತಳದಲ್ಲಿ 1983ರ ಕೆಳಗೆ, ಸೂಜಿಯಿಂದ ಈ ವರ್ಷವನ್ನು ಗೀಚಿದ. ಅದರ ಪಕ್ಕದಲ್ಲಿ ಅಳತೆ ಬರೆದ: 1.75 ಮಿಲಿಮೀಟರ್.